ಗಾಳಿ ಹೋದ ಚಕ್ರಕ್ಕೆ ಹತ್ತಿ

ಮಲಪ್ರಭೆ ತುಂಬಿ ಬಂದರೆ? (ಬೇಸಿಗೆ, ಮೊಣಕಾಲುದ್ದ ನೀರೂ ಇರಲಿಲ್ಲ, ಆದರೂ.) ತೋಳ ಬೆನ್ನು ಹತ್ತಿದರೆ? ಪ್ಲೇಗಿನ ಊರಿನವನೆಂದು ಸಿಪಾಯಿಗಳು ತಡೆದರೆ? ನಲವತ್ತೆಂಟು ವರ್ಷದ ನನ್ನ ಎದೆ ಏರುದಾರಿಯಲ್ಲಿ ನಿಂತೇ ಬಿಟ್ಟರೆ? ನಾನು ಇಳಕಲ್ಲು ಮುಟ್ಟುವುದರೊಳಗೆ ಅಕ್ಕ ಹೋಗಿಬಿಟ್ಟರೆ? ಇಷ್ಟನ್ನೂ ಬನಶಂಕರಿ ತಾಯಿಯ ಮುಂದೆ ಒಂದೊಂದಾಗಿ ಹೇಳಿ, ನಸುಕಿನಲ್ಲಿ ಬಾದಾಮಿಯಿಂದ ಸೈಕಲ್ಲು ಹತ್ತಿದೆ. ಜಾಲಿ ಮುಳ್ಳೊಂದನ್ನು ಹೇಳುವುದು ಮರೆತಿದ್ದೆ.

ಭಕ್ತ ಬಂಧುಗಳೇ, ನಾನು ಸಾಲಿ ಮಾಸ್ತರ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಗಂಗಕ್ಕ. ಈಗ ನನ್ನವರು ಅಂತ ಉಳಿದವಳೂ ಅವಳೊಬ್ಬಳೇ. ಅವಳಿಗೆ ಜ್ವರ ಎಂದು ಬರೆದ ಕಾಗದ ಕೈಸೇರುವಾಗಲೇ ಐದು ದಿನ ಹಳೆಯದಾಗಿತ್ತು. ರೈಲು ಇಳಕಲ್ಲಿಗೆ ಹೋಗುವುದಿಲ್ಲ, ಪ್ಲೇಗಿಗೆ ಹೆದರಿ ಬಂಡಿಯವರು ಬರಲೊಲ್ಲರು. ಬಾಗಲಕೋಟೆಯಿಂದ ತಂದ ಹಳೇ ಸೈಕಲ್ಲೊಂದೇ ಗತಿ.

ದಾರಿಯ ಊರುಗಳೆಲ್ಲ ಖಾಲಿ, ಜನ ಹೊಲದ ಗುಡಿಸಲುಗಳಲ್ಲಿ. ನೀರು ಕೇಳಿದರೆ “ಅಲ್ಲೇ ನಿಲ್ರಿ! ಮುಂದ ಬರಬ್ಯಾಡ್ರಿ!” ಎಂದು ಕೂಗಿ, ತಂಬಿಗೆ ದೂರ ಇಟ್ಟು ಓಡುತ್ತಿದ್ದರು. ಅವರದು ತಪ್ಪಲ್ಲ, ನಾನಾಗಿದ್ದರೆ ತಂಬಿಗೆಯನ್ನೂ ಇಡದೆ ಓಡುತ್ತಿದ್ದೆ. ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಿದ್ದು ಸೈಕಲ್ಲಿನ ಸರಪಳಿ ಮಾತ್ರ.

ಹುನಗುಂದ ಇನ್ನೂ ಎರಡು ಹರದಾರಿ ಇರುವಾಗ ಮುಂದಿನ ಚಕ್ರ ಉಸ್ಸೆಂದಿತು. ಬೆರಳುದ್ದದ ಮುಳ್ಳು, ಒಳಗಿನ ರಬ್ಬರು ಸೀಳಿಯೇ ಹೋಗಿತ್ತು. ನಡೆದರೆ ಆ ದಿನ ಇಳಕಲ್ಲು ಮುಟ್ಟುವಂತಿರಲಿಲ್ಲ. ಸುತ್ತ ಕಣ್ಣು ಹರಿಯುವಷ್ಟೂ ಎರೆಹೊಲ, ಒಂದು ಬೇವಿನ ಗಿಡ, ಅದರ ಬುಡದಲ್ಲಿ ನಾನು. ಅತ್ತುಬಿಟ್ಟೆ. “ತಾಯಿ, ಬೇರೇನೂ ಬೇಡ. ಹತ್ತಿರ ಬರುವ ಒಬ್ಬ ಮನುಷ್ಯನನ್ನು ಕಳಿಸು” ಅಂದೆ.

ಬಂದವನೊಬ್ಬ ಪಿಂಜಾರ. ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು, ಬೆನ್ನಿಗೆ ಗಂಟು.

“ಯಾಕ್ರೀ ಸಾಹೇಬ್ರ, ಕುದರಿ ಮಲಗೇತೇನು?”

“ಗಾಳಿ ಹೋತಪಾ. ನಾ ಪ್ಲೇಗಿನ ಊರಾಂವ, ದೂರ ನಿಲ್ಲು.”

“ದೂರ ನಿಂತು ಗಾದಿ ತುಂಬಾಕ ಬರೂದಿಲ್ರಿ. ಚಕ್ರಾ ಹಿಡೀರಿ.”

ಗಂಟಿನೊಳಗಿನ ಹಳೇ ಹತ್ತಿಯನ್ನು ಕೋಲಿನಿಂದ ಜಡಿದು ಜಡಿದು ಟಾಯರಿನೊಳಗೆ ತುಂಬಿದ, ಮೇಲೆ ಗೇಣಿಗೊಂದರಂತೆ ಹುರಿ ಬಿಗಿದ. ಅವನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಅಕ್ಕನ ಸುದ್ದಿ ಕೇಳಿ ಕೈ ನಿಲ್ಲಿಸಿದ. “ಆಕೀಗೆ ಏನೂ ಆಗಿರೂದಿಲ್ರಿ. ಈ ಹುಸೇನಸಾಬನ ಸಲಾಂ ಹೇಳ್ರಿ. ಮತ್ತ ಈ ಹುರಿಗೆ ಏನೂ ತಿಕ್ಕಬಾರ್ದ್ ನೋಡ್ರಿ.”

ಸೈಕಲ್ಲಿಗಿದ್ದ ಒಂದೇ ಬ್ರೇಕು ತಿಕ್ಕುವುದು ಆ ಚಕ್ರಕ್ಕೇ ಎಂದು ನಾನು ಹೇಳಲಿಲ್ಲ.

ಹೊತ್ತು ಮುಳುಗುವ ಮೊದಲು ಇಳಕಲ್ಲಿನ ಹೊರಗಿನ ಗುಡಿಸಲುಗಳು ಕಂಡವು. ಅಲ್ಲಿಗೆ ಇಳಿಜಾರು. ಹುರಿ ಹರಿದೀತೆಂದು ನಾನು ಬ್ರೇಕು ಹಿಡಿಯಲಿಲ್ಲ, ಬೇಲಿ ನನ್ನನ್ನು ಹಿಡಿಯಿತು.

“ಯಾವನಾಂವ, ನನ್ನ ಬ್ಯಾಲಿ ಮುರದಾಂವ?”

ಹಿಟ್ಟಿನ ಕೈ, ಕಡ್ಡಿಯಂಥ ಮೈ, ಆದರೂ ತನ್ನ ಕಾಲ ಮೇಲೆ ತಾನೇ ನಿಂತಿದ್ದಳು ಗಂಗಕ್ಕ. ಜ್ವರ ಬಿಟ್ಟು ಎರಡು ದಿನವಾಗಿತ್ತಂತೆ. ಬಿದ್ದಲ್ಲಿಂದಲೇ ತಾಯಿಗೆ ಕೈ ಮುಗಿದೆ.

“ಅಯ್ಯ, ತಮ್ಮಾ! ಮೊದಲ ಮ್ಯಾಲೇಳೋ” ಅಂದಳು.

ಸೈಕಲ್ಲು ನೆಟ್ಟಗಿತ್ತು, ನಾನೂ ನೆಟ್ಟಗಿದ್ದೆ. ಅಂದಿನಿಂದ ತಾಯಿಯ ಮುಂದೆ ನನ್ನ ಪಟ್ಟಿ ಗಿಡ್ಡವಾಗಿದೆ. ಅವಳಿಗೆ ಗೊತ್ತಿರುವುದನ್ನು ನಾನೇಕೆ ಹೇಳಲಿ? ಹಾಳಾದದ್ದು ಅಕ್ಕನ ಬೇಲಿ ಮಾತ್ರ. ಮರುದಿನ ನಾನೇ ಕಟ್ಟಿದೆ. ಅವಳು ಬಿಚ್ಚಿ ಮತ್ತೆ ಕಟ್ಟಿದಳು.