ನಲವತ್ತೊಂದನೇ ನಂಬರಿನ ಹಿಂದಿನ ಕೋಣೆ

ಪಟ್ಟಿ ಅಕ್ಕ ಗಲ್ಲಿಯ ತುದಿಯಲ್ಲಿ ಕಾಣಿಸಿಕೊಂಡಳೆಂದರೆ ಸಾಕು, ಎಷ್ಟೋ ಮನೆಗಳಲ್ಲಿ ಎರಡನೇ ಒಲೆಯೊಂದು ಮಂಚದಡಿಯಿಂದ ಹೊರಬಂದು ಮೂಲೆಯಲ್ಲಿ ಕೂರುತ್ತಿತ್ತು. ಅಣ್ಣತಮ್ಮಂದಿರು ನಿಂತ ನಿಲುವಿನಲ್ಲೇ ಬೇರೆಯಾಗುತ್ತಿದ್ದರು. ಸೊಸೆಯಾದವಳು ಅತ್ತೆಯ ಮುಖ ನೋಡದೆ, "ನಮ್ದು ಬೇರೆ ಅಡುಗೆ ಅಕ್ಕ, ಆರು ತಿಂಗಳಾಯ್ತು" ಅನ್ನುತ್ತಿದ್ದಳು. ಪಟ್ಟಿ ಅಕ್ಕ ಬಗ್ಗಿ ಒಲೆಯ ಮೇಲೆ ಅಂಗೈ ಇಟ್ಟು, ಬರ್ನರಿನ ಸುತ್ತ ಬೆರಳಾಡಿಸಿ, ಧೂಳು ಹತ್ತಿದ ಆ ಬೆರಳನ್ನು ಸೊಸೆಯ ಮೂಗಿನ ಮುಂದೆ ಹಿಡಿಯುತ್ತಿದ್ದಳು. "ಆರು ತಿಂಗಳಿಂದ ಉಪವಾಸ ಇದೀರೇನಮ್ಮ?" ಅಷ್ಟು ಹೇಳಿ ಪುಸ್ತಕ ಮುಚ್ಚುತ್ತಿದ್ದಳು. ಬೆನ್ನ ಹಿಂದೆ ಬೀಳುತ್ತಿದ್ದ ಬೈಗುಳವನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಒಲೆ ಅಂದರೆ ಒಂದು ಮನೆ, ಒಂದು ಮನೆಗೆ ಒಂದು ಪೆಟ್ಟಿಗೆ. ಇದು ಪೆಟ್ಟಿಗೆ ಹಂಚುವ ನೆರವು ಸಂಸ್ಥೆಯ ನಿಯಮ. ಪೆಟ್ಟಿಗೆಯಲ್ಲಿ ಹಿಟ್ಟು, ಎಣ್ಣೆ, ಸೋಪು, ಜ್ವರದ ಮಾತ್ರೆ ಇರುತ್ತಿದ್ದವು. ಒಲೆ ಮುಟ್ಟಿ ನೋಡುವ ಉಪಾಯ ಮಾತ್ರ ಅವಳದೇ.

ಒಂಬತ್ತು ವರ್ಷದ ಹಿಂದೆ ನದಿ ಮೊದಲ ಸಲ ಈ ಗಲ್ಲಿಗಳಿಗೆ ನುಗ್ಗಿದಾಗ ಅವಳು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಎಣಿಸುತ್ತಿದ್ದಳು. ಕಾರ್ಖಾನೆ ಮುಳುಗಿತು, ಮತ್ತೆ ಬಾಗಿಲು ತೆರೆಯಲಿಲ್ಲ. ಸಂಸ್ಥೆಯವರು ಲಾರಿ ತುಂಬ ಪೆಟ್ಟಿಗೆ ತಂದು, ಇಲ್ಲಿ ಎಷ್ಟು ಮನೆ ಇವೆ ಎಂದು ಮುನ್ಸಿಪಾಲಿಟಿಯನ್ನು ಕೇಳಿದರು. ಗುಮಾಸ್ತ ದೊಡ್ಡ ರಿಜಿಸ್ಟರು ತೆಗೆದು ನಲವತ್ತಾರು ಅಂದ. ಉಳಿದದ್ದೆಲ್ಲ ಅವನ ರಿಜಿಸ್ಟರಿನಲ್ಲಿ ಖಾಲಿ ಜಾಗ. ಖಾಲಿ ಜಾಗದಲ್ಲಿ ಜನ ಸೊಂಟದುದ್ದ ನೀರಲ್ಲಿ ನಿಂತು ಕೈಬೀಸುತ್ತಿದ್ದರು! ಸಂಸ್ಥೆಯ ಮೇಡಂ ತಲೆ ಮೇಲೆ ಕೈ ಹೊತ್ತು ಕೂತಾಗ, ಸಾಲಿನಲ್ಲಿದ್ದ ಹೆಂಗಸೊಬ್ಬಳು, "ನಾನು ಎಣಿಸಿ ಕೊಡ್ಲಾ?" ಅಂದಳು. ಮೂರೇ ದಿನದಲ್ಲಿ ಎಣಿಸಿ ಕೊಟ್ಟಳು. ಇನ್ನೂರ ಎಂಬತ್ತನಾಲ್ಕು. ಪ್ರತಿ ಬಾಗಿಲ ಮೇಲೂ ನೀಲಿ ಬಣ್ಣದಲ್ಲಿ ನಂಬರು ಬರೆದದ್ದೂ ಅವಳೇ.

ಮೊದಮೊದಲು ಆ ಪಟ್ಟಿ ಪೆಟ್ಟಿಗೆಗಷ್ಟೇ ಇತ್ತು. ಆಮೇಲೆ ಮಕ್ಕಳಿಗೆ ಲಸಿಕೆ ಹಾಕುವವರು ಒಂದು ಪ್ರತಿ ಕೇಳಿದರು. ನೀರಿನ ಟ್ಯಾಂಕರಿನವರು ಕೇಳಿದರು. ಕೊನೆಗೆ ಗುಮಾಸ್ತನೇ ಬಂದು, "ನಮ್ಗ್ಯಾಕೆ ಇನ್ನೊಂದು ಪಟ್ಟಿ, ಅಕ್ಕನ ಪಟ್ಟಿ ಇದ್ಯಲ್ಲ" ಎಂದು ಅವಳ ಕೈಬರಹದ ಮೇಲೆ ಗುಂಡನೆಯ ಮೊಹರು ಒತ್ತಿಕೊಂಡು ಹೋದ. ಹೀಗೆ ಸರ್ಕಾರದ ಕೆಲಸ ಸದ್ದಿಲ್ಲದೆ ಸಂಸ್ಥೆಯ ತಲೆಗೆ ಬಂತು, ಸಂಸ್ಥೆಯ ಕೆಲಸ ಇವಳ ತಲೆಗೆ. ಅವಳಿಗೆ ಅದರಲ್ಲಿ ಹೆಮ್ಮೆಯೇ ಇತ್ತು. ಯಾಕಿರಬಾರದು? ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಕಾಲು ನಡೆಯುವುದಿಲ್ಲ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಇನ್ನೂರ ಎಂಬತ್ತನಾಲ್ಕು ಮನೆಗಳ ಬಾಯಲ್ಲಿ ಅವಳು ಜಿಪುಣಿ, ಕಲ್ಲು ಮನಸ್ಸಿನವಳು, ದೊಡ್ಡ ಆಫೀಸರಮ್ಮ; ಆದರೆ ಸುಳ್ಳಿ ಎಂದು ಯಾರೂ ಅಂದಿರಲಿಲ್ಲ.

ಅವಳದು ನಲವತ್ತೊಂದನೇ ನಂಬರಿನ ಮನೆ. ಗಂಡ ಮೇಲಿನ ಪೇಟೆಯ ಗ್ಯಾರೇಜಿನಲ್ಲಿ ವೆಲ್ಡರು. ಜೊತೆಗೆ ಇವಳ ತಾಯಿ, ಆ ಮುದುಕಿಗೆ ಮಂಡಿ ನೋವು, ಮಾತು ಸ್ವಲ್ಪ ಹಿಂದೆಮುಂದೆ. ಎರಡು ವರ್ಷದ ಹಿಂದೆ ತಂಗಿ ಒಂದು ಟ್ರಂಕು ಹಿಡಿದು ಬಂದಳು. ಗಂಡನನ್ನು ಬಿಟ್ಟು ಬಂದವಳು, ಯಾಕೆಂದು ಹೇಳಲಿಲ್ಲ. ಎಡಗೈ ಮೇಲಿನ ಸುಟ್ಟ ಗಾಯ ನೋಡಿ ಇವರೂ ಕೇಳಲಿಲ್ಲ. ಮನೆಯ ಹಿಂದೆ ಗೋಡೆಗೆ ತಗಡು ಆನಿಸಿ ವೆಲ್ಡರು ಒಂದು ಕೋಣೆ ಮಾಡಿಕೊಟ್ಟ. ಒಂದು ಮಂಚ ಹಾಕಿದರೆ ಕೋಣೆ ಮುಗಿಯಿತು, ಬಾಗಿಲು ಒಳಕ್ಕೆ ತೆರೆಯಲು ಜಾಗವಿಲ್ಲ. ಅದಕ್ಕೇ ಕಬ್ಬಿಣದ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸಿದ.

ತಂಗಿ ಬಿಸ್ಕತ್ತು ಕಾರ್ಖಾನೆಯಲ್ಲಿ ರಾತ್ರಿ ಪಾಳಿಗೆ ಸೇರಿದಳು. ಬೆಳಿಗ್ಗೆ ಏಳಕ್ಕೆ ಬಂದು, ಕಿವಿಗೆ ಹತ್ತಿ ತುರುಕಿಕೊಂಡು, ಚಿಲಕ ಹಾಕಿ ಮಲಗಿದರೆ ಸಂಜೆಯವರೆಗೆ ಎದ್ದೇಳುತ್ತಿರಲಿಲ್ಲ. ಮೊದಲ ತಿಂಗಳೇ ಒಂದು ಬರ್ನರಿನ ಪುಟ್ಟ ಒಲೆ ಕೊಂಡು ತಂದಳು. "ಗಂಡನ್ನ ಬಿಟ್ಟು ಬಂದು ಭಾವನ ಅನ್ನಕ್ಕೆ ಕೈ ಒಡ್ಡೋಕಾಗಲ್ಲ ಅಕ್ಕ" ಅಂದಳು. ಆ ಒಲೆ ನಿಜವಾಗಿ ಉರಿಯುತ್ತಿತ್ತು. ನಿಯಮದ ಪ್ರಕಾರ ಅದು ಬೇರೆ ಮನೆ.

"ಅಕ್ಕ, ನಂಗೂ ಒಂದು ನಂಬರು ಬರಿಯೇ" ಎಂದು ಒಂದು ಸಂಜೆ ನಗುತ್ತ ಕೇಳಿದಳು.

"ಯಾಕೆ, ಪೆಟ್ಟಿಗೆ ಬೇಕಾ?"

"ಪೆಟ್ಟಿಗೆ ಯಾರಿಗೆ ಬೇಕು. ಸುಮ್ನೆ, ಬಾಗಿಲ ಮೇಲೆ ಒಂದು ನಂಬರಿದ್ರೆ ನಂದೂ ಒಂದು ಮನೆ ಅಂತಾಗುತ್ತೆ."

"ನನ್ನ ಮನೆಗೆ ನಾನೇ ಎರಡು ನಂಬರು ಬರ್ಕೊಂಡ್ರೆ ನಾಳೆ ಗಲ್ಲೀಲಿ ತಲೆ ಎತ್ಕೊಂಡು ಓಡಾಡ್ಲಾ? ಅಷ್ಟು ಜನರ ಒಲೆಗೆ ಕೈ ಇಟ್ಟು ಆಗಲ್ಲ ಅಂದಿದೀನಿ."

"ಹಂಗಾದ್ರೆ ನಿಮ್ಮ ಜೊತೆನೇ ಸೇರಿಸು."

"ಬೇರೆ ಒಲೆ ಇಟ್ಕೊಂಡವಳನ್ನ ಸೇರಿಸಿ ಬರೆದ್ರೆ ಅದು ಸುಳ್ಳು. ನೀನು ನನ್ನ ತಂಗಿ ಕಣೆ, ನಿಂಗೆ ಪಟ್ಟಿ ಯಾಕೆ? ನಾನಿಲ್ವಾ?"

ತಂಗಿ ಜಗಳಕ್ಕೆ ಬರಲಿಲ್ಲ. "ನಮ್ಮಕ್ಕ ಸ್ವರ್ಗಕ್ಕೆ ಹೋದ್ರೂ ಬಾಗಿಲಲ್ಲೇ ನಿಂತು, ಒಳಗೆ ಒಲೆ ಎಷ್ಟು ಅಂತ ಕೇಳ್ತಾಳೆ" ಎಂದು ತಾಯಿಗೆ ಹೇಳಿ ನಗಿಸಿ, ತಿಂಡಿ ಡಬ್ಬಿ ಹಿಡಿದು ಪಾಳಿಗೆ ಹೊರಟುಹೋದಳು.

ಎರಡನೇ ಸಲ ನೀರು ಬಂದದ್ದು ಹಗಲು ಹೊತ್ತಿನಲ್ಲಿ. ಮೇಲಿನ ಅಣೆಕಟ್ಟಿನ ಬಾಗಿಲು ತೆರೆದಿದ್ದಾರೆಂದು ಹತ್ತು ಗಂಟೆಗೆ ಸುದ್ದಿ ಬಂತು. ಹನ್ನೊಂದಕ್ಕೆ ಕೆಳಗಿನ ಗಲ್ಲಿಗಳಲ್ಲಿ ಮೊಣಕಾಲುದ್ದ ನೀರಿತ್ತು. ಪಟ್ಟಿ ಅಕ್ಕ ಬೆಳಿಗ್ಗೆಯೇ ದಿಬ್ಬದ ಮೇಲಿನ ಶಾಲೆಗೆ ಹೋಗಿದ್ದಳು. ಅಲ್ಲಿ ಸಂಸ್ಥೆಯ ಪೆಟ್ಟಿಗೆಗಳನ್ನು ಇಳಿಸುವುದಿತ್ತು. ಅಗ್ನಿಶಾಮಕ ದಳದ ನಾಲ್ಕು ಬೋಟುಗಳು ಬಂದವು. ಬೋಟಿನವರು ಬೇರೆ ಊರಿನವರು, ಗಲ್ಲಿಯ ತಲೆಬುಡ ಗೊತ್ತಿಲ್ಲ. ಗುಮಾಸ್ತ ಓಡಿಬಂದು ಪಟ್ಟಿಯ ನಾಲ್ಕು ಪ್ರತಿಗಳನ್ನು ಅವರ ಕೈಗೆ ಕೊಟ್ಟ. "ಇದ್ರಲ್ಲಿ ಎಲ್ಲಾ ಇದೆ ಸಾರ್, ಒಂದು ತಪ್ಪಿರಲ್ಲ" ಅಂದ. ಪಟ್ಟಿ ಅಕ್ಕನ ಮುಂದೆ ಮೇಜು ಇಟ್ಟರು. ಬೋಟಿನಿಂದ ಜನ ಇಳಿಯುತ್ತಿದ್ದ ಹಾಗೆ ಅವಳು ನಂಬರಿಗೆ ಗುರುತು ಹಾಕಬೇಕು. ಅಷ್ಟು ಚೆನ್ನಾಗಿ ನಡೆದ ಕೆಲಸವನ್ನು ಬೋಟಿನ ಅಧಿಕಾರಿಗಳು ಹಿಂದೆಂದೂ ನೋಡಿರಲಿಲ್ಲವಂತೆ. ಕಾಲು ನಡೆಯದವರ ಮನೆಗೆ ಮೊದಲು ಬೋಟು ಹೋಯಿತು, ಬಸುರಿಯರ ಮನೆಗೆ ಆಮೇಲೆ. ಪಟ್ಟಿಯಿಂದ ಎಷ್ಟು ಜೀವ ಉಳಿಯಿತೆಂದು ಯಾರೂ ಎಣಿಸಿಲ್ಲ, ಎಣಿಸಿದ್ದರೆ ದೊಡ್ಡ ಸಂಖ್ಯೆಯೇ ಬರುತ್ತಿತ್ತು. ಅದನ್ನೂ ಹೇಳಲೇಬೇಕು.

ಹನ್ನೆರಡೂವರೆಗೆ ತಾಯಿಯನ್ನು ಒಬ್ಬ ಹೆಗಲ ಮೇಲೆ ಹೊತ್ತು ತಂದ. ಪಟ್ಟಿ ಅಕ್ಕ ತಲೆಯೆತ್ತಿ ನೋಡಿದಳು, ಜೀವ ಹಗುರಾಯಿತು, ನಲವತ್ತೊಂದಕ್ಕೆ ಗುರುತು ಹಾಕಿದಳು. ಮುದುಕಿ ಕೈಚಾಚಿ ಏನೋ ಕೂಗಿದಳು. "ಬಂದೆ ಇರಮ್ಮ, ಒಳಗೆ ಕೂತ್ಕೋ" ಎಂದು ಮಗಳು ಪಟ್ಟಿಯಲ್ಲಿ ನಲವತ್ತೆರಡಕ್ಕೆ ಹೋದಳು. ನಲವತ್ತೊಂದು ಅಂದರೆ ಅವಳ ಲೆಕ್ಕದಲ್ಲಿ ಮುಂದಿನ ಕೋಣೆ, ಹಿಂದಿನ ಕೋಣೆ ಎರಡೂ. ಅಮ್ಮ ಬಂದಳೆಂದರೆ ತಂಗಿ, ಮನೆಯ ಚಿಕ್ಕವಳೂ ಬಂದಳು ಎಂದೇ. ಬೋಟಿನವನ ಕೈಯಲ್ಲಿದ್ದ ಕಾಗದದಲ್ಲಿ ಮಾತ್ರ ಮೂರೇ ಜನರಿದ್ದರು: ತಾಯಿ, ಮಗಳು, ಅಳಿಯ.

ಎರಡು ಗಂಟೆಗೆ ಕೊನೆಯ ಗುರುತು ಬಿತ್ತು. ಬೋಟುಗಳ ಮುಖ್ಯಸ್ಥ ಪಟ್ಟಿ ನೋಡಿ, "ಭೇಷ್ ಅಕ್ಕ, ಒಂದೂ ಬಿಟ್ಟಿಲ್ಲ" ಎಂದು ಬೋಟುಗಳನ್ನು ಆಚೆ ದಂಡೆಗೆ ಕಳಿಸಿದ. ಅವಳು ಒಂದು ಲೋಟ ಚಹಾ ಹಿಡಿದು ತಾಯಿಯ ಹತ್ತಿರ ಹೋಗಿ ಕೂತಳು.

"ಚಿಕ್ಕವಳೆಲ್ಲಿ?" ಎಂದಳು ತಾಯಿ.

"ನಿನ್ನ ಜೊತೆ ಬರ್ಲಿಲ್ವಾ?"

"ಹಿಂದೆ ಮಗಳು ಮಲಗಿದಾಳೆ ಅಂದೆ ಕಣೆ ಆ ಹುಡುಗಂಗೆ. ಕಾಗದ ನೋಡ್ದ. ನಿಮ್ಮ ಮಗಳು ಶಾಲೇಲಿ ಪಟ್ಟಿ ಹಿಡ್ಕೊಂಡು ಕೂತಿದಾಳೆ ಅಜ್ಜಿ ಅಂದ. ಅವಳಲ್ಲಪ್ಪ, ಇನ್ನೊಬ್ಬಳು ಅಂದೆ. ಪಟ್ಟೀಲಿ ಒಬ್ಬಳೇ ಮಗಳಿರೋದು ಅಂತ ನಕ್ಕ."

ಚಹಾದ ಲೋಟ ಎಲ್ಲಿ ಹೋಯಿತೋ ಅವಳಿಗೆ ಗೊತ್ತಿಲ್ಲ. ಮುಖ್ಯಸ್ಥನ ತೋಳು ಹಿಡಿದೆಳೆದಳು. "ನನ್ನ ತಂಗಿ ಅಲ್ಲೇ ಉಳಿದುಬಿಟ್ಟಿದಾಳೆ." ಅವನು ಕಾಗದ ತೆಗೆದ. "ಯಾವ ನಂಬರು?" "ನಲವತ್ತೊಂದು." "ನಲವತ್ತೊಂದು ಆಗಿದೆಯಲ್ಲಕ್ಕ, ನೀವೇ ಗುರುತು ಹಾಕಿದೀರಿ." ಪಟ್ಟಿ ತಪ್ಪು ಎಂದು ಅವನನ್ನು ನಂಬಿಸಲು ಅವಳು ಅವನ ಕಾಲು ಹಿಡಿಯಬೇಕಾಯಿತು. ಒಂಬತ್ತು ವರ್ಷ ಯಾರೇ ತಪ್ಪು ಅಂದರೂ ಒಪ್ಪದವಳು! ಆಚೆ ದಂಡೆಯಿಂದ ಬೋಟು ತಿರುಗಿ ಬರಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅವಳೂ ಬೋಟು ಹತ್ತಿದಳು.

ತಗಡಿನ ಛಾವಣಿ ನೀರಿನ ಮೇಲೆ ಒಂದು ಗೇಣು ಕಾಣುತ್ತಿತ್ತು. ತಗಡು ಕತ್ತರಿಸಿ ಇಳಿದರು. ಒಳಗಿನ ಚಿಲಕ ತೆಗೆದೇ ಇತ್ತು. ತಂಗಿ ಎದ್ದಿದ್ದಾಳೆ, ಚಿಲಕ ತೆಗೆದಿದ್ದಾಳೆ, ಬಾಗಿಲು ದೂಡಿದ್ದಾಳೆ. ಹೊರಕ್ಕೆ ತೆರೆಯುವ ಬಾಗಿಲನ್ನು ಹೊರಗಿನ ನೀರು ಒತ್ತಿ ಹಿಡಿದಿತ್ತು. ಮಂಚದ ಮೇಲೆ ಟ್ರಂಕು, ಟ್ರಂಕಿನ ಮೇಲೆ ಒಲೆ ಇಟ್ಟು ಹತ್ತಿ ನಿಂತಿದ್ದಳೆಂದು ಆಮೇಲೆ ತಿಳಿಯಿತು. ಛಾವಣಿಯ ತಗಡು ಒಳಗಿನಿಂದ ಅಲ್ಲಲ್ಲಿ ಉಬ್ಬಿತ್ತು.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಪಟ್ಟಿ ನಮ್ಮದಲ್ಲ, ಸಂಸ್ಥೆಯದು ಎಂದು ಮುನ್ಸಿಪಾಲಿಟಿ ಕೈ ತೊಳೆದುಕೊಂಡಿತು. ಪಟ್ಟಿ ಮಾಡಿದ್ದು ಪೆಟ್ಟಿಗೆ ಹಂಚಲು, ಜನರನ್ನು ಎತ್ತಿ ತರಲು ಅಲ್ಲ ಎಂದಿತು ಸಂಸ್ಥೆ. ಎರಡೂ ನಿಜವೇ, ಅದೇ ಹೊಟ್ಟೆ ಉರಿಯುವ ಮಾತು. ಸಾವಿನ ಪತ್ರ ಕೊಡಲು ಗುಮಾಸ್ತ ಪಟ್ಟಿ ತಿರುವಿ ಹಾಕಿ, "ಇಂಥವರು ಇಲ್ಲಿ ಇದ್ರು ಅಂತ ದಾಖಲೆ ಇಲ್ವಲ್ಲ ಅಕ್ಕ" ಅಂದ. ಅಣಕಿಸಲು ಅಂದದ್ದಲ್ಲ. ಅವನ ಕಣ್ಣಲ್ಲೂ ನೀರಿತ್ತು.

ಮೇಡಂ ಮನೆಗೇ ಬಂದರು. ಒದ್ದೆ ಗೋಡೆಗೆ ಒರಗಿ ಅವಳ ಕೈ ಹಿಡಿದು ಕೂತರು. ಆಮೇಲೆ ಮೆತ್ತಗೆ ಹೇಳಿದರು: "ಅವತ್ತು ಬಂದಿದ್ದ ನೆಂಟರು ಅಂತ ಒಂದು ಸಾಲು ಬರೆದುಕೊಡು. ಪತ್ರ ಸಿಗುತ್ತೆ, ಪಟ್ಟಿ ಮೇಲೂ ಮಾತು ಬರಲ್ಲ. ಪಟ್ಟಿ ಮೇಲೆ ನಂಬಿಕೆ ಹೋದ್ರೆ ನಾಳೆ ಇನ್ನೂರ ಎಂಬತ್ತನಾಲ್ಕು ಮನೆಗೂ ಪೆಟ್ಟಿಗೆ ನಿಲ್ಲುತ್ತೆ."

"ಎರಡು ವರ್ಷ ಇದ್ದವಳು ಮೇಡಂ."

"ನಂಗೊತ್ತು."

ಪಟ್ಟಿ ಅಕ್ಕ ಕಾಗದ ತೆಗೆದುಕೊಂಡು ಬರೆದಳು: ನಲವತ್ತೊಂದರ ಹಿಂದಿನ ಕೋಣೆ, ಒಲೆ ಒಂದು, ಹೆಂಗಸು ಒಬ್ಬಳು, ರಾತ್ರಿ ಪಾಳಿ, ಹಗಲು ಮಲಗಿರುತ್ತಾಳೆ. ನಂಬರು ಕೇಳಿದ್ದಳು, ನಾನೇ ಬರೆಯಲಿಲ್ಲ. ಕೆಳಗೆ ರುಜು ಹಾಕಿ ಮೇಡಂ ಕೈಗಿಟ್ಟಳು. ಮೇಡಂ ಅದನ್ನು ಎರಡು ಸಲ ಓದಿ, ಮಡಿಸಿ ಚೀಲದಲ್ಲಿಟ್ಟುಕೊಂಡರು. ಆ ಕಾಗದದ ಮೇಲೆ ಸಾವಿನ ಪತ್ರ ಬಂತು. ಮುಂದಿನ ತಿಂಗಳು ಅವಳ ಪುಸ್ತಕವನ್ನೂ ನೀಲಿ ಬಣ್ಣದ ಡಬ್ಬಿಯನ್ನೂ ಸಂಸ್ಥೆಯ ಜೀಪು ಬಂದು ಒಯ್ದಿತು.

ಅವಳೀಗ ಹೊಲಿಗೆ ಅಂಗಡಿಯೊಂದರಲ್ಲಿ ಗುಂಡಿ ಹಾಕುತ್ತಾಳೆ. ಗಂಡ ಹಿಂದಿನ ಕೋಣೆಯ ಬಾಗಿಲನ್ನು ಕಿತ್ತು ಹಾಕಿದ್ದಾನೆ. ಅದನ್ನು ವೆಲ್ಡು ಮಾಡಿದ್ದು ತಾನೇ ಎಂದು ಅವನು ಬಾಯಿಬಿಟ್ಟು ಹೇಳಿಲ್ಲ, ಅವಳೂ ಕೇಳಿಲ್ಲ. ತಾಯಿ ಮಾತ್ರ ಸಂಜೆಯಾದರೆ ಚಿಕ್ಕವಳನ್ನು ಎಬ್ಬಿಸು, ಪಾಳಿಗೆ ಹೊತ್ತಾಯಿತು ಅನ್ನುತ್ತಾಳೆ.

ಹೋದ ವಾರ ಸಂಸ್ಥೆಯ ಹೊಸ ಹುಡುಗಿ ಬಂದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಅಚ್ಚಾದ ಫಾರಂ. ಈ ಮನೆಯ ಕಥೆ ಅವಳಿಗೆ ಯಾರೂ ಹೇಳಿರಲಿಲ್ಲ. "ಒಲೆ ಎಷ್ಟು ಅಕ್ಕ?" ಎಂದು ಕೇಳಿದಳು.

"ಹಿಂದೆ ಒಂದು ಕೋಣೆ ಇದೆ. ಬಂದು ನೋಡು."

ಹುಡುಗಿ ಹಿಂದೆ ಬಂದಳು. ಮಂಚದ ಪಕ್ಕದಲ್ಲಿ ಒಂದು ಬರ್ನರಿನ ಒಲೆ ಇತ್ತು, ಕೆಸರು ಒಣಗಿ ಅಂಟಿಕೊಂಡಿತ್ತು. ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಹುಡುಗಿ ಬಗ್ಗಿ ಒಲೆಯ ಮೇಲೆ ಅಂಗೈ ಇಟ್ಟಳು. ಬರ್ನರಿನ ಸುತ್ತ ಬೆರಳಾಡಿಸಿ ಬೆರಳನ್ನು ನೋಡಿಕೊಂಡಳು.

"ಇದು ಉರಿದು ತುಂಬ ದಿನ ಆಗಿದೆ ಅಕ್ಕ. ಲೆಕ್ಕಕ್ಕೆ ಬರಲ್ಲ."

"ಬರಲ್ಲ" ಅಂದಳು ಪಟ್ಟಿ ಅಕ್ಕ. ಹುಡುಗಿ ಕೈ ತೊಳೆಯಲಿ ಎಂದು ಒಂದು ಚೊಂಬು ನೀರು ತಂದುಕೊಟ್ಟಳು.