ಮಾಸ್ತರರು ಬಿಟ್ಟ ಪುಟ, ಆಷಾಢದ ಗಾಳಿ

ನಮ್ಮ ಭೂಗೋಳದ ಮಾಸ್ತರರಂಥ ಮೈಗಳ್ಳರನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಎಪ್ಪತ್ತರ ದಶಕದ ಬೆಟಗೇರಿಯಲ್ಲಿ, ಕುರ್ಚಿಯಿಂದ ಏಳದೆಯೇ ಇಡೀ ಭೂಮಿಯನ್ನು ಕಲಿಸಿ ಮುಗಿಸಿದ ಮಹಾನುಭಾವ! "ಉತ್ತರದಾಗ ನೆಲ ಕಾದು ಗಾಳಿ ಒತ್ತಡ ಕಡಿಮಿ ಆಗತೈತಿ. ದಕ್ಷಿಣದ ಸಮುದ್ರದ ಮ್ಯಾಲೆ ಹೆಚ್ಚಿರತೈತಿ. ಅಲ್ಲಿಂದ ಇಲ್ಲಿಗೆ ಗಾಳಿ ಸೀದಾ ಓಡಿ ಬರತೈತಿ, ಆತು. ಮುಂದಿನ ಪುಟ ಪರೀಕ್ಷಾಕ್ಕ ಬರಂಗಿಲ್ಲ, ಬಿಡ್ರಿ" ಎಂದು ಆಕಳಿಸಿದರು. ನಾನೊಬ್ಬಳು ಪೆದ್ದಿ, ಅಷ್ಟನ್ನೇ ಬಾಯಿಪಾಠ ಮಾಡಿದೆ.

ನಮ್ಮದು ನೇಕಾರರ ಮನೆ. ನಾನು ಎಂಟನೆಯ ಇಯತ್ತೆಗೆ ಕಾಲಿಟ್ಟಾಗಿನಿಂದ ಅಜ್ಜಿಯದು ಒಂದೇ ರಾಗ: "ಹೆಣ್ಣಿಗ್ಯಾಕ ಇನ್ನ ಶಾಲಿ? ಮನ್ಯಾಗ ಕುಂತು ಮಗ್ಗದ ಲಾಳಿಗೆ ನೂಲಿನ ಕಂಡಿಕಿ ಸುತ್ತಲಿ." ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅದೇ ನನ್ನ ಭಯವಾಗಿತ್ತು.

ಸೀರೆಯ ಹಾಸಿನ ಉದ್ದನೆಯ ಎಳೆಗಳಿಗೆ ಗಂಜಿ ಹಚ್ಚಿ, ಓಣಿಯುದ್ದಕ್ಕೂ ಎಳೆದು ಕಟ್ಟಿ ಒಣಗಿಸುತ್ತಿದ್ದರು. ಗಾಳಿ ಎಳೆಯ ಗುಂಟ ಸಾಗಬೇಕು. ಅಡ್ಡ ಹೊಡೆದರೆ ಹಸಿ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಆಷಾಢ ಬಂದರೆ ಎಲ್ಲರೂ ಪೂರ್ವ-ಪಶ್ಚಿಮದ ಓಣಿಯನ್ನೇ ಹಿಡಿಯುತ್ತಿದ್ದರು. ನಾನು ದೊಡ್ಡ ಪಂಡಿತೆಯಂತೆ, "ಅಪ್ಪಾ, ಗಾಳಿ ದಕ್ಷಿಣದಿಂದ ಬರತೈತಿ, ನಮ್ಮ ಮಾಸ್ತರು ಹೇಳ್ಯಾರ. ದಕ್ಷಿಣ-ಉತ್ತರದ ಓಣ್ಯಾಗ ಕಟ್ಟೋಣ" ಎಂದೆ. ಶಾಲೆಯಿಂದ ಏನು ಉಪಯೋಗವೆಂದು ಅಜ್ಜಿಗೆ ತೋರಿಸುವ ನನ್ನ ಆಸೆಗೆ ಮಣಿದು ಅಪ್ಪ ಒಪ್ಪಿಬಿಟ್ಟ.

ಬಿಸಿಲೇರುವಷ್ಟರಲ್ಲಿ ಪಶ್ಚಿಮದಿಂದ ಗಾಳಿ ಅಡ್ಡಡ್ಡ ನುಗ್ಗಿತು. ಎಂಟು ದಿನದ ದುಡಿಮೆ ಜಡೆಗಟ್ಟಿದ ಕೂದಲಿನಂತಾಯಿತು.

"ತಾ ಕೆಟ್ಟ ಮಂಗ್ಯಾ ವನಾನೆಲ್ಲ ಕೆಡಿಸ್ತು! ನಾಳಿಂದ ಈಕಿ ಶಾಲಿ ಬಂದ್" ಎಂದು ಅಜ್ಜಿ ಕೂಗಾಡಿದಳು. ಅಪ್ಪ ಕೂತು ಅಂಟಿದ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

ಹರಿದೊಗೆಯಬೇಕೆಂದು ಪುಸ್ತಕ ಎತ್ತಿಕೊಂಡೆ. ಮಾಸ್ತರರು ಬಿಟ್ಟ ಪುಟವೇ ತೆರೆದುಕೊಂಡಿತು. ಭೂಮಿ ತಿರುಗುವುದರಿಂದ, ಸಮಭಾಜಕ ವೃತ್ತ ದಾಟಿ ಬಂದ ಗಾಳಿ ಸೀದಾ ಬರುವುದಿಲ್ಲ. ಬಲಕ್ಕೆ ಬಾಗಿ ಪಶ್ಚಿಮದ ಕಡೆಯಿಂದ ಬೀಸುತ್ತದೆ ಎಂದಿತ್ತು. ಹತ್ತೇ ಸಾಲು! ಅಷ್ಟು ಓದಿದ್ದರೆ ಆ ಮನುಷ್ಯನ ಬಾಯಿ ಸವೆಯುತ್ತಿತ್ತೇ? ಅಪ್ಪನ ಮುಂದೆ ನಿಂತು ಅಳುತ್ತಲೇ ಓದಿದೆ.

ಅಪ್ಪ ಅಂಟಿದ ಎಳೆಗಳನ್ನು ಬಿಡಿಸುವುದನ್ನು ನಿಲ್ಲಿಸಿದ. "ಖರೆ ಐತಿ. ನಮ್ಮ ಗಾಳಿ ಹಂಗ ಬರೂದು. ಇದನ್ನ ನಿಮ್ಮ ಮಾಸ್ತರು ಓದಿಲ್ಲೇನು?"

"ಇಲ್ಲಪ್ಪಾ."

"ಹಂಗಾದ್ರ ನಾಳಿ ಜಲ್ದಿ ಶಾಲಿಗಿ ಹೋಗವ್ವಾ. ಅವರಿಗೂ ಓದಿ ಹೇಳು."