ಹಳದಿ ಗೆರೆ ಏಳೋವರೆಗೆ

ಮಾಸ್ಕ್ ಒತ್ತಿ ಒತ್ತಿ ಅತ್ತೆ ಮೂಗಿನ ಮೇಲೆ ಎಂಥಾ ಗುಂಡಿ ಬಿದ್ದಿತ್ತು ಅಂದ್ರೆ, ಮಳೇಲಿ ನಿಲ್ಸಿದ್ರೆ ಕಪ್ಪೆ ಬಂದು ಮೊಟ್ಟೆ ಇಡ್ತಿತ್ತು. ಅಪ್ಪನ ಅಕ್ಕ ಅವಳು. ಸಾಗರದ ಲ್ಯಾಬಲ್ಲಿ ಮಂಗನ ಕಾಯಿಲೆ ಟೆಸ್ಟ್ ಮಾಡ್ತಿದ್ಲು. ಅನ್ನ ಬೆಂದಿದ್ಯಾ ಅಂತ ಕೇಳಿದ್ರೂ "ನೋಡಿ ಹೇಳ್ತೀನಿ" ಅನ್ನೋಳು. ನೋಡಿ, ಇನ್ನೊಂದ್ಸಲ ನೋಡೋ ಅಷ್ಟ್ರಲ್ಲಿ ಅನ್ನ ಗಂಜಿ ಆಗಿರ್ತಿತ್ತು.

ಅವಳ ಕೆಲಸ ನಂಗೆ ಪೂರ್ತಿ ಗೊತ್ತು ಅಂತ ಕ್ಲಾಸಲ್ಲೆಲ್ಲ ಕೊಚ್ಕೊಂಡಿದ್ದೆ. ರಕ್ತದ ಸ್ಯಾಂಪಲ್‌ಗೆ ಪ್ರೋಬ್ ಅಂತ ಬಣ್ಣ ಹೊಳೆಸೋ ತುಣುಕು ಹಾಕ್ತಾರೆ. ವೈರಸ್ ಸಿಕ್ಕಿದ್ರೆ ಕಂಪ್ಯೂಟರಲ್ಲಿ ಹಸಿರು ಗೆರೆ ಏಳುತ್ತೆ. ಹಳದಿ ಗೆರೆನೂ ಒಂದಿತ್ತು. ಅದನ್ನ ಅತ್ತೆ ವಿವರಿಸೋವಾಗ ನಾನು ಹಲಸಿನ ಹಪ್ಪಳ ಮೇಯ್ತಿದ್ದೆ.

ಆ ಬೇಸಿಗೇಲಿ ನಿಟ್ಟೂರಲ್ಲಿ ನಮ್ಮನೆ ಹಿಂದಿನ ಕಾಡಲ್ಲಿ ಮಂಗ ಸತ್ತು ಬಿತ್ತು. ಒಣಗಿದ ದರಗೆಲೆ ಗುಡಿಸಿ ತರೋಕೆ ಅಲ್ಲಿಗೇ ಹೋಗಿದ್ದ ಅಮ್ಮಂಗೆ ವಾರದೊಳಗೆ ಜ್ವರ. ಸಾಗರದ ಆಸ್ಪತ್ರೆಗೆ ಸೇರಿಸಿದ್ವಿ. ನನ್ನ ಬೈಯದೆ ಕಾಫಿನೇ ಕುಡಿಯದ ಅಮ್ಮ, ಗೋಡೆ ಕಡೆ ತಿರುಗಿ ಸುಮ್ನೆ ಮಲಗಿದ್ಲು. ನಂಗೆ ಭಯ ಆಗಿದ್ದು ಆಗ್ಲೇ.

ಮಾರನೇ ದಿನ ಅಪ್ಪ, ನಾನು ಲ್ಯಾಬಿನ ಗಾಜಿನ ಬಾಗ್ಲಿಗೆ ಹಲ್ಲಿ ಥರ ಅಂಟ್ಕೊಂಡಿದ್ವಿ. ಒಳಗೆ ಅತ್ತೆ ಕಂಪ್ಯೂಟರಲ್ಲಿ ಅಮ್ಮನ ಸ್ಯಾಂಪಲ್ ಕ್ಲಿಕ್ ಮಾಡಿದ್ಲು. ಹಸಿರು ಎದ್ದೇ ಇಲ್ಲ!

"ಅಪ್ಪಾ, ಕಾಯಿಲೆ ಇಲ್ಲ!" ನಾನು ಕೂಗಿದ್ದು ಜೋಗದ ಗುಂಡಿಗೂ ಕೇಳಿರ್ಬೇಕು.

ಅತ್ತೆ ಹೊರಗೆ ಬರೋದ್ರೊಳಗೆ ಅಪ್ಪನ ಕೈಯಲ್ಲಿ ಕಾರಿನ ಕೀ. "ಅಕ್ಕಾ, ಇವತ್ತೇ ಮನೆಗೆ ಕರ್ಕೊಂಡು ಹೋಗ್ತೀನಿ."

"ಎಂತ ಅವಸರ ಮಾರಾಯ? ಹಳದೀನೂ ಎದ್ದಿಲ್ಲ."

"ಹಳದಿ ಯಾರಿಗೆ ಬೇಕು ಅತ್ತೆ?" ಅಂದೆ.

"ಟೆಸ್ಟ್ ಸರಿಯಾಗಿ ನಡೀತು ಅಂತ ಹೇಳೋದೇ ಅದು ಮಾರಾಯ್ತಿ. ಅದೂ ಮಲಗಿದೆ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ನಂಗಿನ್ನೂ ಗೊತ್ತಿಲ್ಲ ಅಂತ."

"ಆಸ್ಪತ್ರೇಲಿ ಅವಳು ಊಟಾನೇ ಮಾಡ್ತಿಲ್ಲ ಅಕ್ಕಾ."

"ಕೀ ಕೊಡು ಇಲ್ಲಿ."

ಕೀನ ಬಿಳಿ ಕೋಟಿನ ಜೇಬಿಗೆ ಹಾಕ್ಕೊಂಡು ಒಳಗೆ ಹೋದ್ಲು. ಉಳಿದ ರಕ್ತ ತಗೊಂಡು ಮೊದಲಿಂದ ಶುರು ಮಾಡಿದ್ಲು. ಅಪ್ಪ ಮತ್ತೆ ಗಾಜಿಗೆ ಅಂಟ್ಕೊಂಡ.

ಸಂಜೆ ಹಳದಿ ಎದ್ದಿತು. ಹಸಿರೂ ಎದ್ದಿತು. ಅತ್ತೆ ಇನ್ನೊಂದ್ಸಲ ನೋಡಿದ್ಲು. ನಂಗೆ ಒಂದೂ ಜೋಕ್ ಹೊಳೀಲಿಲ್ಲ.

ಬೆಳಗ್ಗೆ ಅಮ್ಮನ ವಸಡಲ್ಲಿ ರಕ್ತ ಬಂತು. ಡಾಕ್ಟ್ರು ಪಕ್ಕದಲ್ಲೇ ಇದ್ರು. ಮನೇಲಿದ್ದಿದ್ರೆ ಆಸ್ಪತ್ರೆ ತಲುಪೋಕೇ ಕಾಡು ದಾರಿ ಸುತ್ಬೇಕಿತ್ತು. ಅತ್ತೆ ಕೀ ವಾಪಸ್ ಕೊಟ್ಟಿದ್ದು ಅಮ್ಮ ತಾನೇ ನಡ್ಕೊಂಡು ಆಸ್ಪತ್ರೆ ಗೇಟಿಗೆ ಬಂದ ದಿನ.

ಅತ್ತೆಗೆ ಈಗ ದೂರದ ಊರಿಗೆ ವರ್ಗ ಆಗಿದೆ. ಆದ್ರೂ ಅಮ್ಮ ಬೈಯೋಕೆ ಬಾಯಿ ತೆಗ್ದಾಗೆಲ್ಲ ಅತ್ತೆ ಮೂಗಿನ ಆ ಗುಂಡಿ ಕಣ್ಮುಂದೆ ಬರುತ್ತೆ. ಮೊನ್ನೆ ಮೊಬೈಲ್ ಕಿತ್ಕೊಂಡು ಬೈಯೋಕೆ ನಿಂತ್ಲು. ನಾನು ತಿರುಗಿ ಮಾತಾಡ್ದೆ ಕೂತಿದ್ದೆ.

"ಎಂತ, ಕಿವಿ ಕೇಳಲ್ವಾ ನಿಂಗೆ?" ಅಂದ್ಲು.

"ಕೇಳ್ತಿದೆ ಅಮ್ಮಾ. ಇನ್ನೂ ಸ್ವಲ್ಪ ಬೈ."